ಕಿವಿಯ ಕಡೆಗೆ ನೋಡುವವರು

ನನ್ನ ಗಂಡ ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟು ಹತ್ತಿರ ಹತ್ತಿರ ಮೂರು ವರ್ಷ ಆಗಿತ್ತು. ಮಾತು ಬಿಟ್ಟಿರಲಿಲ್ಲ. ಹಾಲು ಬಂತೇನು, ಗ್ಯಾಸ್ ಬುಕ್ ಮಾಡಿದೇನು, ನಾಳೆ ನನಗೆ ಫಸ್ಟ್ ಶಿಫ್ಟು ಅನ್ನುವುದೆಲ್ಲ ನಡೆದೇ ಇತ್ತು. ಆದರೆ ಆ ಮಾತುಗಳನ್ನೆಲ್ಲ ಅವರು ನನ್ನ ಬಲಗಿವಿಗೆ ಹೇಳುತ್ತಿದ್ದರು. ಅವರ ಕಣ್ಣು ನನ್ನ ಮುಖದ ಹತ್ತಿರ ಬಂದು, ನಾಲ್ಕು ಬೆರಳು ಪಕ್ಕಕ್ಕೆ ಸರಿದು ಅಲ್ಲೇ ನಿಂತುಬಿಡುತ್ತಿತ್ತು. ಮೊದಮೊದಲು ನನ್ನ ಓಲೆ ನೋಡುತ್ತಿದ್ದಾರೆ ಎಂದು ಹಿಗ್ಗಿದೆ. ಅಬಿಡ್ಸ್ ಪೇಟೆಗೆ ಹೋಗಿ ಹೊಸ ಝುಮಕಿ ತಂದು ಹಾಕಿಕೊಂಡೆ. ಒಂದು ವಾರವಾದರೂ ಅವರು ಅದನ್ನು ಗಮನಿಸಲಿಲ್ಲ. ಕಿವಿಯನ್ನೇ ದಿಟ್ಟಿಸುವ ಮನುಷ್ಯನಿಗೆ ಝುಮಕಿ ಕಾಣಲಿಲ್ಲವೆಂದರೆ ಏನರ್ಥ? ನನ್ನ ತಲೆಗೆ ಹೊಳೆದದ್ದು ಒಂದೇ ಅರ್ಥ. ಮುಖ ತಪ್ಪಿಸುತ್ತಿದ್ದಾರೆ.

ನಾನು ಉಪ್ಪಲ್‌ನ ಒಂದು ಶಾಲೆಯಲ್ಲಿ ಎಂಟನೆಯ, ಒಂಬತ್ತನೆಯ ತರಗತಿಗೆ ವಿಜ್ಞಾನ ಹೇಳಿಕೊಡುವವಳು. ಸಾಕ್ಷಿ ಇಲ್ಲದೆ ಏನನ್ನೂ ಒಪ್ಪುವ ಜಾಯಮಾನ ನನ್ನದಲ್ಲ. ಹಾಗಾಗಿ ಸಾಕ್ಷಿ ಕೂಡಿಹಾಕತೊಡಗಿದೆ. ಇಪ್ಪತ್ತು ವರ್ಷ ಬೈಕ್ ಓಡಿಸಿದವರು ಇದ್ದಕ್ಕಿದ್ದಂತೆ ಅದನ್ನು ಮಾರಿ ಮೆಟ್ರೋ ಹತ್ತಿದರು. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಸಣ್ಣ ಅಳತೆ ಹಿಡಿಯುವ ಕೆಲಸ ಅವರದು, ಅದರಲ್ಲಿ ಅವರದು ಎತ್ತಿದ ಕೈ. ಅದನ್ನು ತಾವಾಗಿಯೇ ಬಿಟ್ಟು ಸ್ಟೋರ್ಸ್‌ಗೆ ಹಾಕಿಸಿಕೊಂಡರು. ಕೇಳಿದರೆ "ಬ್ಯಾಸರಾತು" ಎಂದರು. ನನ್ನ ಅಣ್ಣಂದಿರ ಮುಂದೆ "ಈಗ ಇವರು ನಟ್ಟು ಬೋಲ್ಟು ಕಾಯೋ ವಾಚ್‌ಮನ್" ಎಂದು ಆಡಿಕೊಂಡೆ. ಅಣ್ಣಂದಿರ ಜೊತೆ ತಾವೂ ನಕ್ಕರು. ಪೇಪರ್ ಓದುವುದು ನಿಂತಿತು. ಮೊಬೈಲ್ ಮಾತ್ರ ಮೂಗಿಗೆ ಹತ್ತಿಸಿಕೊಂಡು, ಒಂದು ಮಗ್ಗುಲಾಗಿ ಹಿಡಿದು ನೋಡುವುದು, ನಾನು ಹತ್ತಿರ ಹೋದರೆ ಕಿಸೆಗೆ ಹಾಕುವುದು. ಬೇರೆ ಹೆಂಗಸು ಎನ್ನುವುದಕ್ಕೆ ಇನ್ನೇನು ಬೇಕು?

ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು, ಆದರೆ ಅದನ್ನು ತೋರಿಸುವ ಅಭ್ಯಾಸ ನನಗಿಲ್ಲ. ಮಗಳು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ. ಇವರೂ ಕೈಬಿಟ್ಟರೆ ನಾನು ಯಾರ ಜೊತೆ ಜಗಳಾಡಲಿ?

ಆ ವರ್ಷ ದೀಪಾವಳಿಯ ಬೆನ್ನಿಗೇ ಸೂರ್ಯಗ್ರಹಣ ಬಂತು. ಸಂಜೆಯ ಗ್ರಹಣ, ಹಿಡಿದಿರುವಾಗಲೇ ಸೂರ್ಯ ಮುಳುಗಿಬಿಡುತ್ತಾನೆ. ಶಾಲೆಯಲ್ಲಿ ಮಕ್ಕಳಿಗೆಂದು ಕಾಗದದ ಗ್ರಹಣ ಕನ್ನಡಕ ತರಿಸಿದ್ದರು. ಎರಡು ನಾನೂ ತಂದೆ. ವಿಕಾರಾಬಾದ್ ಹತ್ತಿರದ ಅನಂತಗಿರಿ ಗುಡ್ಡದಲ್ಲಿ ಟೆಂಟ್ ಹಾಕಿಕೊಡುವವರಿದ್ದಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಒಂದು ರಾತ್ರಿಗೆ ಬುಕ್ ಮಾಡಿದೆ. ಗ್ರಹಣ ನೋಡುವುದು ಒಂದು ನೆಪ. ಮನೆಯಲ್ಲಿ ಆದರೆ ಬಾಲ್ಕನಿಗೆ ಹೋಗಿಬಿಡುತ್ತಾರೆ, ಗುಡ್ಡದ ಮೇಲೆ ಎಲ್ಲಿಗೆ ಹೋಗುತ್ತಾರೆ? ಅಲ್ಲಿ ಕೂಡಿಸಿಕೊಂಡು ಕೇಳಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

"ನಾ ಬರಂಗಿಲ್ಲ. ನೀ ಹೋಗಿ ಬಾ," ಎಂದರು.

"ಯಾಕ? ಅವತ್ತ ಬ್ಯಾರೆ ಎಲ್ಲಿಗರೆ ಹೋಗೋದೈತೇನ್ರಿ?"

ಅವರು ನನ್ನ ಕಿವಿಯ ಕಡೆ ಸ್ವಲ್ಪ ಹೊತ್ತು ನೋಡಿದರು. "ಆತು, ನಡಿ," ಎಂದರು.

ರೈಲಿನಲ್ಲಿದ್ದಾಗ ಬಾಗಲಕೋಟೆಯಿಂದ ಅತ್ತೆಯ ಫೋನ್ ಬಂತು. ಮಗನಿಗಲ್ಲ, ನನಗೆ. ಸಾಮಾನ್ಯವಾಗಿ ಅವರು ನನಗೆ ಫೋನ್ ಮಾಡುವವರಲ್ಲ. ದೊಡ್ಡ ಮಗನ ಮನೆಯಲ್ಲಿದ್ದುಕೊಂಡು ಈ ಮಗನ ಜೊತೆ ದಿನಾ ಪಿಸುಪಿಸು ನಡೆಯುತ್ತಿತ್ತು, ಅದೂ ನನ್ನ ಸಾಕ್ಷಿಗಳ ಪಟ್ಟಿಯಲ್ಲಿತ್ತು.

"ಅವಂಗ ಸೂರ್ಯನ್ನ ನೋಡಾಕ ಬಿಡಬ್ಯಾಡವಾ. ನಿನ್ನ ಕಾಲ ಬೀಳ್ತೀನಿ," ಎಂದರು.

"ರಾಹು-ಕೇತು ನಿಮ್ಮ ಮಗನ್ನ ನುಂಗಂಗಿಲ್ರಿ ಅತ್ತಿ. ಚಿಂತಿ ಬಿಡ್ರಿ," ಎಂದು ಫೋನ್ ಇಟ್ಟೆ. ಎದುರಿಗೆ ಕೂತಿದ್ದ ನಮ್ಮವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ವಿಕಾರಾಬಾದ್‌ನಲ್ಲಿ ಇಳಿದು ಆಟೋ ಹಿಡಿದೆವು. ಗುಡ್ಡದ ದೇವಸ್ಥಾನದ ಬಾಗಿಲು ಹಾಕಿತ್ತು. ಟೆಂಟಿನ ಜಾಗದಲ್ಲಿ ನಮ್ಮನ್ನು ಬಿಟ್ಟರೆ ನಾಲ್ಕೈದು ಐಟಿ ಹುಡುಗ ಹುಡುಗಿಯರು, ಅಡುಗೆ ಮತ್ತು ಉಸ್ತುವಾರಿಗೆ ಒಬ್ಬ ನಡುವಯಸ್ಸಿನ ಮನುಷ್ಯ. ಆತ ಬಂದವರಿಗೆಲ್ಲ ಮೊದಲೇ ಹೇಳಿಬಿಟ್ಟ, "ಗ್ರಹಣಂ ವಿಡಿಚೇದಾಕಾ ವಂಟ ಲೇದಮ್ಮಾ." ಗ್ರಹಣ ಬಿಡುವ ತನಕ ಒಲೆ ಹಚ್ಚುವುದಿಲ್ಲವಂತೆ. ನಾನು ಚೀಲದಿಂದ ಚಕ್ಕಲಿ ತೆಗೆದು ಅವನ ಎದುರಿಗೇ ಕಟುಂ ಎಂದು ಕಡಿದೆ. ನನ್ನ ಸ್ವಭಾವ ಹಾಗೆ.

ಟೆಂಟನ್ನು ನಾವೇ ಕಟ್ಟಿಕೊಳ್ಳಬೇಕಿತ್ತು. ಉದ್ದನೆಯ ಬಾಗುವ ಕೋಲನ್ನು ಬಟ್ಟೆಯ ತೂತಿಗೆ ಪೋಣಿಸಬೇಕು. ನಮ್ಮವರು ಮೂರು ಸಲ ತೂತಿನ ಪಕ್ಕಕ್ಕೇ ಚುಚ್ಚಿದರು. ನಾಲ್ಕನೆಯ ಸಲ ಎಡಗೈ ಬೆರಳಿನಿಂದ ತಡವಿ ತೂತು ಹುಡುಕಿ, ಅದಕ್ಕೆ ಕೋಲು ಸೇರಿಸಿದರು. ನಾನು ಬಿದ್ದು ಬಿದ್ದು ನಕ್ಕೆ. "ನಟ್ಟು ಬೋಲ್ಟು ಎಣಿಸಿ ಎಣಿಸಿ ಕೈ ಮೊಂಡ ಆತೇನ್ರಿ?" ಎಂದೆ. ಆ ನಗುವನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಐದು ಗಂಟೆಯ ಹೊತ್ತಿಗೆ ಪಶ್ಚಿಮದ ಬಂಡೆಯ ಮೇಲೆ ಹೋಗಿ ಕೂತೆವು. ಆ ಹುಡುಗ ಹುಡುಗಿಯರು ಸ್ವಲ್ಪ ಕೆಳಗೆ ಕೂತು ಹಾಡು ಹಾಕಿಕೊಂಡಿದ್ದರು. ನಾನು ಕನ್ನಡಕ ಹಾಕಿ ನೋಡಿದೆ. ಸೂರ್ಯನ ಕೆಳಗೆ, ಬಲಕ್ಕೆ, ಯಾರೋ ರೊಟ್ಟಿಯ ಅಂಚು ಮುರಿದ ಹಾಗೆ ಒಂದಿಷ್ಟು ಹೋಗಿತ್ತು. ಎಷ್ಟು ಪಾಠ ಮಾಡಿದ್ದರೂ ಕಣ್ಣಾರೆ ಕಂಡಾಗ ಮೈ ಜುಂ ಎಂದಿತು. ಒಂದು ಕ್ಷಣ ಬಂದ ಕೆಲಸವೇ ಮರೆತುಹೋಯಿತು. "ನೋಡ್ರಿ, ನೋಡ್ರಿ," ಎಂದು ಇನ್ನೊಂದು ಕನ್ನಡಕ ಅವರ ಕೈಗೆ ಕೊಟ್ಟೆ. ಅವರು ಅದನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

ನನ್ನ ತಾಳ್ಮೆ ಅಲ್ಲಿಗೆ ತೀರಿತು. ಕೇಳಬೇಕೆಂದುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಕೇಳಿದೆ. ಯಾರಕಿ? ಎಷ್ಟ ದಿನದಿಂದ ನಡದೈತಿ? ನಿಮ್ಮ ಅವ್ವಗ ಗೊತ್ತೈತಿ ಹೌದಿಲ್ಲೋ? ನನ್ನ ಮಾರಿ ನೋಡಾಕ ಅಷ್ಟ ಹೇಸಿಕಿ ಬಂದೈತೇನು?

"ಯಾರಕಿ ಅಂದ್ರ?" ಎಂದರು. ನಿಜವಾಗಿ ಅವರಿಗೆ ತಿಳಿದಿರಲಿಲ್ಲ. ತಿಳಿದಾಗ ತಲೆ ತಗ್ಗಿಸಿದರು. ಅದನ್ನು ನಾನು ತಪ್ಪೊಪ್ಪಿಗೆ ಎಂದೇ ಓದಿದೆ. ಇನ್ನೂ ಜೋರಾದೆ.

"ಗ್ರಹಣ ನೋಡಾಕ ಸುದ್ದಾ ನನ್ನ ಜೋಡಿ ಮನಸಿಲ್ಲ. ಈಗ ಅವ್ವನ ಮಾತು ನೆನಪಾತೇನು? ಅವತ್ತ ಮಾಳಿಗಿ ಮ್ಯಾಲ ಕಣ್ಣ ಪಿಳುಕಿಸದ ನೋಡಿದ್ರಲ್ಲ, ಅವತ್ತ ಎಲ್ಲಿತ್ತು ಈ ಮಡಿ? ಏನಾತು ಅವತ್ತ? ಏನೂ ಆಗ್ಲಿಲ್ಲ!"

ಅವತ್ತು ಎಂದರೆ ಕೊರೋನಾಕ್ಕೆ ಮುಂಚಿನ ಡಿಸೆಂಬರ್. ಬೆಳಗಿನ ಗ್ರಹಣ. ಅತ್ತೆ ಆಗ ಮೊಣಕಾಲು ತೋರಿಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದರು. ಎದ್ದಾಗಿನಿಂದ ಒಂದೇ ರಗಳೆ, ಹೊರಗೆ ಹೋಗಬೇಡಿ, ತಿನ್ನಬೇಡಿ. ನನಗೆ ಹಟ ಬಂತು. ಬೇಕೆಂದೇ ಉಪ್ಪಿಟ್ಟಿಗೆ ಇಟ್ಟೆ. ನಾವು ಚಿಕ್ಕವರಿದ್ದಾಗ ನಮ್ಮ ಮಾಸ್ತರು ಎಕ್ಸ್‌ರೇ ಹಾಳೆ ಹಿಡಿದು ಗ್ರಹಣ ತೋರಿಸಿದ್ದರು. ಅತ್ತೆಯ ಚೀಲದಿಂದ ಅವರದೇ ಮೊಣಕಾಲಿನ ಎಕ್ಸ್‌ರೇ ತೆಗೆದು ಗಂಡನ ಕೈಗೆ ಕೊಟ್ಟು ಮಾಳಿಗೆಗೆ ಕಳಿಸಿದೆ. ನಾನೂ ಹೋಗಿ ಒಂದೆರಡು ಕ್ಷಣ ನೋಡಿದೆ. ರವೆ ಸೀದೀತೆಂದು ಕೆಳಗೆ ಓಡುವಾಗ ಹೇಳಿದೆ, "ನೀವು ನೋಡಕೋತ ಇರ್ರಿ. ಪೂರ್ತಿ ಹಿಡದಾಗ ನನ್ನ ಕೂಗ್ರಿ." ಅವರು ನೋಡುತ್ತಲೇ ಇದ್ದರು. ನಾನು ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ ಅವರು. ಸರಿಯಾದ ಹೊತ್ತಿಗೆ ಕೂಗಿದರು ಕೂಡ.

ಈಗ ಬಂಡೆಯ ಮೇಲೆ ಅವರು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು ಸೂರ್ಯನ ಕಡೆ ಮುಖ ಎತ್ತಿದರು. ನೋಡಿದ್ದು ಸೂರ್ಯನನ್ನಲ್ಲ, ಅವನ ಪಕ್ಕದ ಖಾಲಿ ಜಾಗವನ್ನು.

"ಎಲ್ಲಿ ಹಿಡದೈತಿ?" ಎಂದರು.

"ಕಣ್ಣೆದುರಿಗೇ ಐತಲ್ರಿ!"

"ಕಣ್ಣೆದುರಿಗೆ ಇದ್ದದ್ದೇ ನನಗ ಕಾಣಂಗಿಲ್ಲ."

ಹೇಳಬಾರದೆಂದು ಇಷ್ಟು ದಿನ ಹಿಡಿದಿಟ್ಟದ್ದು ಆಮೇಲೆ ತುಂಡು ತುಂಡಾಗಿ ಬಂತು. ಆ ಡಿಸೆಂಬರಿನ ಗ್ರಹಣದ ಮಾರನೆಯ ದಿನವೇ ಎರಡೂ ಕಣ್ಣಿನ ನಟ್ಟನಡುವೆ ಕಪ್ಪು ಚುಕ್ಕೆ ಬಂದಿತ್ತು. ಅಳತೆಯ ಗೆರೆ ಕಾಣಲಿಲ್ಲ. ಅವ್ವನ ಮೊಣಕಾಲು ತೋರಿಸಿಕೊಂಡು ಬರುತ್ತೇನೆ ಎಂದು ನನಗೆ ಹೇಳಿ, ಅವ್ವನನ್ನು ಜೊತೆಗಿಟ್ಟುಕೊಂಡು ಕಣ್ಣಾಸ್ಪತ್ರೆಗೆ ಹೋಗಿದ್ದರು. ಕಣ್ಣಿನ ಒಳಪರದೆ ಸುಟ್ಟಿದೆ, ಇದಕ್ಕೆ ಔಷಧ ಇಲ್ಲ, ತಾನಾಗಿ ಬಂದಷ್ಟು ಬಂತು ಎಂದರಂತೆ ಡಾಕ್ಟರು. ಸ್ವಲ್ಪ ಬಂತು, ಅಲ್ಲಿಗೆ ನಿಂತಿತು. ನೇರ ನೋಡಿದರೆ ನನ್ನ ಮುಖ ಇರುವ ಕಡೆ ಬರೀ ಒಂದು ಕಲೆ. ಕಿವಿಯ ಕಡೆ ನೋಡಿದರೆ ಮುಖ ಅಷ್ಟಿಷ್ಟು ಕಾಣುತ್ತದೆ. ಮುಖ ನೋಡುವುದಕ್ಕೆಂದೇ ಅವರು ಕಿವಿಯ ಕಡೆ ನೋಡುತ್ತಿದ್ದರು.

ಎಕ್ಸ್‌ರೇ ಹಾಳೆ ಬೆಳಕನ್ನು ಮಂದ ಮಾಡುತ್ತದೆ, ಸುಡುವ ಕಿರಣವನ್ನು ತಡೆಯುವುದಿಲ್ಲ, ಸುಡುವಾಗ ನೋವೂ ಆಗುವುದಿಲ್ಲ. ಇಷ್ಟರಲ್ಲಿ ಇದು ನನಗೆ ಗೊತ್ತಾಗಿತ್ತು. ಹಿಂದಿನ ವಾರವಷ್ಟೇ ಶಾಲೆಯಲ್ಲಿ ಕನ್ನಡಕ ಹಂಚುವಾಗ ಮಕ್ಕಳ ಎದುರು ನಿಂತು ಬಾಯಿಪಾಠ ಒಪ್ಪಿಸಿದ್ದೆ. ಹೇಳುವಾಗ ನಮ್ಮ ಮಾಳಿಗೆಯಾಗಲಿ, ನನ್ನ ಗಂಡನಾಗಲಿ ಒಂದು ಸಲವೂ ನೆನಪಿಗೆ ಬರಲಿಲ್ಲ.

ಕೆಳಗಿನ ಹುಡುಗರು ಹೋ ಎಂದು ಕೂಗಿದರು. ಮೊಟಕಾದ ಸೂರ್ಯ ಗುಡ್ಡದ ಹಿಂದಕ್ಕೆ ಇಳಿಯುತ್ತಿದ್ದ. ನಾನು ನೋಡಲಿಲ್ಲ. ಅವರ ತೋಳು ಹಿಡಿದುಕೊಂಡು ಅಳತೊಡಗಿದೆ. ಬಾಯಿಗೆ ಬಂದದ್ದು ಕ್ಷಮೆಯ ಮಾತಲ್ಲ, ಅಷ್ಟು ಹೊತ್ತಿನಲ್ಲೂ ಜಗಳದ ಮಾತೇ. "ನನಗ್ಯಾಕ ಹೇಳಲಿಲ್ಲ? ಅತ್ತಿಗೆ ಹೇಳ್ತೀರಿ, ನನಗ ಹೇಳಂಗಿಲ್ಲ?"

"ಅವ್ವಗ ಆಣಿ ಹಾಕಿದ್ದೆ, ನಿನಗ ಹೇಳಬ್ಯಾಡ ಅಂತ," ಎಂದರು. "ನಿನಗ ಹೇಳಿದ್ರ ಏನಾಗ್ತಿತ್ತು? ಕಣ್ಣಂತೂ ಬರ್ತಿರಲಿಲ್ಲ. ನೀ ದಿನಾ ಅಳತಿದ್ದಿ. ನನ್ನ ಮುಂದ ಸಣ್ಣಾಕಿ ಆಗಿ, ನಾ ಅಂದದ್ದಕ್ಕೆಲ್ಲ ಹೂಂ ಅಂತಿದ್ದಿ. ನನಗ ಅಂಥಾಕಿ ಬ್ಯಾಡಾಗಿದ್ಲು. ಮನಿಯಾಗ ಜಗಳಾಡೋ ದನಿ ಬೇಕಾಗಿತ್ತು."

ಗ್ರಹಣ ಬಿಡುವುದು ನಮಗೆ ಕಾಣಲಿಲ್ಲ, ಸೂರ್ಯನೇ ಮುಳುಗಿದ್ದ. ಉಸ್ತುವಾರಿಯ ಮನುಷ್ಯ ಪಂಚಾಂಗದ ಹೊತ್ತು ನೋಡಿ ಒಲೆ ಹಚ್ಚಿದ, ಅನ್ನ ಸಾರು ಕೊಟ್ಟ. ನಾನು ತಟ್ಟೆಯಲ್ಲಿ ಅನ್ನ ಕಲಸಿ ಅವರ ಕೈಗೆ ಕೊಡಲು ಹೋದೆ. "ಕೈ ಸುಟ್ಟಿಲ್ಲ ನಂದು," ಎಂದರು, ನಗಿಸಲೆಂದು. ನನಗೆ ನಗು ಬರಲಿಲ್ಲ.

ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆ. ಹಲೋ ಎಂದ ದನಿಯಲ್ಲೇ ಅವರಿಗೆ ತಿಳಿಯಿತು. "ಗೊತ್ತಾತೇನವಾ?" ಎಂದರು, "ಹೋಗಲಿ ಬಿಡು, ಮದಲ ಚಾ ಕುಡಿ." ಒಂದು ಮಾತು ಅಂದರೆ ನನಗೆ ಹಗುರಾಗುತ್ತಿತ್ತು. ಅವರು ಅನ್ನಲಿಲ್ಲ.

ಇದಾಗಿ ಈಗ ಕೆಲವು ವರ್ಷಗಳಾದವು. ಮೆಟ್ರೋ ಸ್ಟೇಷನ್ನಿನವರೆಗೆ ನಾನೇ ಬಿಟ್ಟು ಬರುತ್ತೇನೆ. ಪೇಪರ್ ಓದಿ ಹೇಳುತ್ತೇನೆ. ಚಾ ಸಕ್ಕರೆ ಜಾಸ್ತಿ ಎಂದರೆ ಬೇರೆ ಮಾಡುತ್ತೇನೆ, ಕಮ್ಮಿ ಎಂದರೆ ಮತ್ತೆ ಬೇರೆ ಮಾಡುತ್ತೇನೆ. ಅಣ್ಣಂದಿರ ಮುಂದೆ ಅವರ ಬಗ್ಗೆ ಒಂದು ಚೇಷ್ಟೆಯ ಮಾತಾಡುವುದಿಲ್ಲ. ಬಾಯಿ ತೆರೆದರೆ ಸಾಕು, ನೋಡಕೋತ ಇರ್ರಿ ಎಂದ ನನ್ನದೇ ದನಿ ನನಗೆ ಕೇಳಿಸುತ್ತದೆ. ಅವರು ಯಾವುದಕ್ಕೆ ಹೆದರಿ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದರೋ ನಾನು ಅದೇ ಆಗಿದ್ದೇನೆ. ಗೊತ್ತಿದೆ. ಆದರೂ ಬಿಡಲಾಗುತ್ತಿಲ್ಲ.

ಮೊನ್ನೆ ಭಾನುವಾರ ಹಾಲ್ ಒರೆಸಿ ಬಕೆಟ್ ಎತ್ತುತ್ತಿದ್ದೆ. ಅವರು ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕಿ, ಕೆಸರುಗಾಲಲ್ಲೇ ಬಾಗಿಲಿನಿಂದ ಅಡುಗೆಮನೆಯವರೆಗೆ ನಡೆದು ಬಂದರು. ಕಾಣದೆ ತುಳಿದದ್ದಲ್ಲ. ಅಡುಗೆಮನೆಯ ಬಾಗಿಲಲ್ಲಿ ತಿರುಗಿ, ಅದೇ ದಾರಿಯಲ್ಲಿ ವಾಪಸ್ ಹೋಗಿ, ಮತ್ತೆ ಬಂದರು. ಮೊದಲಾಗಿದ್ದರೆ ಕೆಳಗಿನ ಮನೆಯವರಿಗೂ ನನ್ನ ದನಿ ಕೇಳಿಸಬೇಕಿತ್ತು. ನಾನು ಮೊಣಕಾಲೂರಿ ಕೂತು ಒಂದೊಂದೇ ಹೆಜ್ಜೆ ಒರೆಸತೊಡಗಿದೆ.

ಅವರು ನನ್ನೆದುರು ನಿಂತರು. ಕಾಲಿನಿಂದ ಇನ್ನೂ ಕೆಸರು ನೀರು ಇಳಿಯುತ್ತಿತ್ತು.

"ಬೈಯೇ," ಎಂದರು. "ಒಂದ್ಸಲ ಬೈಯೇ."

ನಾನು ಬಟ್ಟೆ ಹಿಂಡಿ, ಅವರ ಕಾಲ ಸುತ್ತಲೂ ಒರೆಸಿದೆ.