ಹೊಳೆಬಾಯಿಯ ಬಯಲಲ್ಲಿ ಅಲುಗಿದ ಪಾತ್ರೆಗಳು

ಯಾರಾದರೂ ಗಾಳಿ, ಶಕುನ ಅಂತ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದು ಒಲೆಯ ಕಡೆ ಹೋಗಿಬಿಡುತ್ತಿದ್ದೆ. ಎದುರಿಗೆ ನಗುವುದು ಮರ್ಯಾದೆಯಲ್ಲ, ಕೂತು ಕೇಳುವಷ್ಟು ತಾಳ್ಮೆಯೂ ಇರಲಿಲ್ಲ. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಾನೇ ಕಂಡದ್ದೊಂದಿದೆ. ಅದನ್ನು ಕಂಡ ಹಾಗೆ ಬರೆಯುತ್ತೇನೆ. ನೀವು ಏನಾದರೂ ಅಂದುಕೊಳ್ಳಿ.

ಆಗ ನಾವು ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ, ಗಣಿ ಕೆಲಸದವರ ಲೈನ್ ಮನೆಯಲ್ಲಿದ್ದೆವು. ನಮ್ಮೆಜಮಾನರಿಗೆ ಗಣಿಯೊಳಗೆ ಬಂಡೆ ಕೊರೆಯುವ ಕೆಲಸ. ಧೂಳು ಕುಡಿದು ಕುಡಿದು ಎದೆ ಕೆಟ್ಟಿತ್ತು. ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೀದಿಗೆ ಹೋಗುವಷ್ಟರಲ್ಲಿ ಎಷ್ಟೋ ಕಡೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದರು. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಸ್ವಲ್ಪ ದಿನ ಕಾಡೂ ಕಡಲೂ ಇರುವ ಕಡೆ ಇಟ್ಟು ನೋಡಿ, ಆಮೇಲೆ ದೇವರಿದ್ದಾನೆ ಎಂದರು ಡಾಕ್ಟರು. ಆ ಕೊನೆಯ ಮಾತು ಕೇಳಿದ ಮೇಲೆ ನಾನು ತಡಮಾಡಲಿಲ್ಲ.

ಕುಂದಾಪುರದ ಆಚೆಯ ಕಡಲ ಸೀಮೆಯನ್ನು ಕಂಡಿದ್ದ ಮೇಸ್ತ್ರಿಯೊಬ್ಬರು ನಮ್ಮ ಸಾಲಿನಲ್ಲಿದ್ದರು. ಅಲ್ಲಿ ಕಾಡು ನೀರಿನವರೆಗೂ ಇಳಿದು ಬರುತ್ತದೆ ಎಂದು ಹೇಳಿ, ತಮ್ಮ ಹಳೆಯ ಡೇರೆಯನ್ನೂ ಕೊಟ್ಟರು. ಜೊತೆಗೆ ಹೊರಟವರು ನಮ್ಮೆಜಮಾನರ ಅಕ್ಕ ಮುನಿಯಕ್ಕ. ಅವರ ಗಂಡ ಗಣಿಯೊಳಗೆ ಬಂಡೆ ಸಿಡಿದು ತೀರಿಹೋದ ಮೇಲೆ ಅವರು ನಮ್ಮ ಮನೆಯಲ್ಲೇ ಇದ್ದರು. ಬಂಗಾರಪೇಟೆಯಲ್ಲಿ ರೈಲು ಹತ್ತಿ, ಜೋಲಾರಪೇಟೆಯಲ್ಲಿ ಗಾಡಿ ಬದಲಿಸಿ, ಮಂಗಳೂರಿನಿಂದ ಬಸ್ಸು, ದೋಣಿ, ಮತ್ತೆ ಬಸ್ಸು. ಹೋಗಿ ಮುಟ್ಟುವಷ್ಟರಲ್ಲಿ ಮೈಯೆಲ್ಲ ಹಣ್ಣಾಗಿತ್ತು.

ಅಲ್ಲಿಯ ದೋಣಿಯವನು ನಾರ್ಣ ನಮಗೆ ಎರಡು ಜಾಗ ತೋರಿಸಿದ. ಒಂದು, ಸಣ್ಣ ಹೊಳೆಯೊಂದು ಕಡಲು ಸೇರುವ ಕಡೆಯ ಹುಲ್ಲುಬಯಲು. ಹೊನ್ನೆಮರದ ನೆರಳು, ಕೈಗೆ ಸಿಗುವ ಸಿಹಿನೀರು. ಇನ್ನೊಂದು, ಅದರ ಹಿಂದಿನ ಗುಡ್ಡದ ಮೇಲಿನ ಕೆಂಪು ಕಲ್ಲಿನ ಹಾಸು. ಹಿಂದೆ ಕಾಡು, ಮುಂದೆ ಬರೀ ಗಾಳಿ. ನೀರು ಬೇಕೆಂದರೆ ಕೆಳಗಿಳಿಯಬೇಕು. ನಮ್ಮೆಜಮಾನರು ಗುಡ್ಡದ ಕಡೆ ತಲೆಯೆತ್ತಿ ನೋಡಿ, "ನನ್ನ ಕೈಲಾಗಲ್ಲ" ಎಂದರು. ಅಲ್ಲಿಗೆ ತೀರ್ಮಾನವಾಯಿತು. ನನಗೂ ಬಯಲೇ ಹಿಡಿಸಿತ್ತು. ನಾರ್ಣ ಗೂಟ ಹೊಡೆದು ಡೇರೆ ಎಬ್ಬಿಸಿಕೊಟ್ಟ.

ಹೊತ್ತು ಮುಳುಗಲು ಇನ್ನೂ ಸ್ವಲ್ಪವಿತ್ತು. ಮೂರು ಕಲ್ಲಿಟ್ಟು ಎಸರಿಗೆ ನೀರಿಟ್ಟಿದ್ದೆ. ಪಕ್ಕದಲ್ಲಿ ತಟ್ಟೆ ಲೋಟಗಳನ್ನು ಒಂದರ ಮೇಲೊಂದು ಪೇರಿಸಿದ್ದೆ. ನಾರ್ಣ ಎದುರಿಗೆ ಕುಕ್ಕರುಗಾಲಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಎಳನೀರು ಕುಡಿಯುತ್ತಿದ್ದ. ಇದ್ದಕ್ಕಿದ್ದಂತೆ ತಟ್ಟೆ ಲೋಟಗಳು ಗಲಗಲ ಎಂದವು. ಕಾಲಡಿಯಲ್ಲಿ ನೆಲ ಒಮ್ಮೆ ಒದೆದ ಹಾಗಾಯಿತು.

ಗಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲಿನ ನಮ್ಮ ಮನೆಗಳಲ್ಲಿ ಹೀಗೇ ಪಾತ್ರೆ ಅಲುಗುತ್ತವೆ. ಆಗ ಏನೂ ಯೋಚಿಸದೆ ಬಾಗಿಲಿಂದಾಚೆ ಓಡುವುದೇ ನಮ್ಮ ಅಭ್ಯಾಸ. ಡೇರೆಯೊಳಗೆ ಮಲಗಿದ್ದ ನಮ್ಮೆಜಮಾನರು ಅಕ್ಕನ ಕೈ ಹಿಡಿದು ಈಚೆ ನುಗ್ಗಿ ಬಂದರು. ನಾನು ನಾರ್ಣನನ್ನು ನೋಡಿದೆ. ನನ್ನ ಪಾತ್ರೆಯ ನೀರು ಇನ್ನೂ ತುಳುಕುತ್ತಿತ್ತು. ಮಾರು ದೂರದಲ್ಲಿದ್ದ ಅವನ ಚಿಪ್ಪಿನ ನೀರು ಅಲುಗಿರಲಿಲ್ಲ.

"ಎಂತ ಆಯ್ತ್ ಮರ್ರೆ? ಹಾವು ಬಂತಾ?" ಎಂದ.

"ನೆಲ ಅಲ್ಲಾಡಿದ್ದು ನಿಂಗೆ ಗೊತ್ತಾಗಲಿಲ್ವಾ?" ಎಂದೆ.

"ನಂಗೆಂತದೂ ಗೊತ್ತಾಯ್ಲ."

ಮುನಿಯಕ್ಕ ತಮ್ಮನ ಕೈ ಬಿಡಲಿಲ್ಲ. "ಇಲ್ಲಿ ಬ್ಯಾಡ ಕಣೋ. ಮೇಲಕ್ಕೋಗಾನ" ಎಂದರು.

"ಅಕ್ಕಾ, ಇದು ಸಮುದ್ರದ ದಂಡೆ. ಇದರ ಕೆಳಗೆ ಯಾವ ಗಣಿ ಐತೆ?" ಎಂದರು ನಮ್ಮೆಜಮಾನರು.

"ಇಲ್ದಿದ್ರೆ ಬ್ಯಾಡ. ನಾನಂತೂ ಇಲ್ಲಿ ಮಲಗಾಕಿಲ್ಲ. ಬಾ, ಮೆತ್ತಗೆ ಗುಡ್ಡ ಅತ್ತು. ನಾನಿದ್ದೀನಿ."

ನನಗೆ ಇದು ಒಪ್ಪಿಗೆಯಾಗಲಿಲ್ಲ. ಆ ಏರು ಹತ್ತಿ ಅವರಿಗೆ ಏನಾದರೂ ಆದರೆ ಯಾರನ್ನು ಕೇಳುವುದು? ಆದರೆ ಅಕ್ಕನ ಮಾತಿಗೆ ಅವರು ಆಗಲೇ ಹೆಜ್ಜೆ ಇಟ್ಟಿದ್ದರು. ಮುನಿಯಕ್ಕ ಡೇರೆಯನ್ನು ಕಿತ್ತು ಸುತ್ತಿ ತಲೆಯ ಮೇಲೆ ಹೊತ್ತು ಮುಂದೆ, ನಮ್ಮೆಜಮಾನರ ಬೆನ್ನಿಗೆ ಕೈಕೊಟ್ಟು ನಾನು ಹಿಂದೆ. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ನಾರ್ಣ ಪಾತ್ರೆಗಳನ್ನು ಹೊತ್ತು, ಈ ಪರವೂರಿನವರಿಗೆ ತಲೆ ಸರಿಯಿಲ್ಲ ಎಂಬಂತೆ ಗೊಣಗುತ್ತ ಬಂದ. ಮೇಲೆ ಮುಟ್ಟಿದಾಗ ಸೂರ್ಯ ನೀರಿನ ಅಂಚಿನಲ್ಲಿದ್ದ. ನಮ್ಮೆಜಮಾನರು ಕಲ್ಲಿನ ಮೇಲೆ ಕೂತು, ಬಹಳ ಹೊತ್ತು ಬರೀ ಗಾಳಿ ಎಳೆದುಕೊಂಡರು.

ಬೆಳಗ್ಗೆ ನನಗೆ ಎಚ್ಚರವಾದಾಗ ಪಕ್ಕದಲ್ಲಿ ಅವರಿರಲಿಲ್ಲ. ದಡಬಡಿಸಿ ಎದ್ದೆ. ಈಚೆ ಬಂದರೆ, ಕಡಲು ನೋಡುತ್ತ ನಿಂತಿದ್ದಾರೆ. "ರಾತ್ರಿ ಕೆಮ್ಮಲೇ ಇಲ್ಲ ಕಣೇ" ಎಂದರು. "ಏನಾದರೂ ಇದ್ದರೆ ಬಡಿಸು, ಹಸೀತೈತೆ." ಅವರ ಬಾಯಲ್ಲಿ ಹಸಿವೆಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತೋ! ನಾನು ಅಳುವುದು ಅವರಿಗೆ ಕಾಣಬಾರದೆಂದು ಒಲೆ ಊದಲು ಬಗ್ಗಿದೆ.

ಇಲ್ಲಿ ನೀವು ಒಂದು ಮಾತನ್ನು ಕಾಯುತ್ತಿರಬಹುದು. ಆ ರಾತ್ರಿ ಹೊಳೆ ಉಕ್ಕಿ ಕೆಳಗಿನ ಬಯಲು ಮುಳುಗಿತೆಂದೋ, ಹೊನ್ನೆಮರ ಮುರಿದು ಬಿತ್ತೆಂದೋ ಹೇಳಿದರೆ ಕಥೆಗೆ ಚೆಂದ. ಅಂಥದ್ದೇನೂ ಆಗಲಿಲ್ಲ. ನೀರಿಗೆಂದು ದಿನವೂ ಇಳಿಯುತ್ತಿದ್ದೆನಲ್ಲ. ಬಯಲು ಇದ್ದ ಹಾಗೇ ಇತ್ತು, ಹಸುಗಳು ಮೇಯುತ್ತಿದ್ದವು, ನಮ್ಮ ಡೇರೆಯ ಗೂಟಗಳ ಗುರುತೂ ಹಾಗೇ ಇತ್ತು. ನಾವು ಮಾತ್ರ ಮೇಲೆ ಸುಖವಾಗಿದ್ದೆವು. ಮೀನು, ಗಂಜಿ, ಗಾಳಿ, ನಿದ್ದೆ. ಹೊರಡುವ ಹೊತ್ತಿಗೆ ನಮ್ಮೆಜಮಾನರು ತಾವೇ ಒಂದು ಕೊಡ ನೀರು ಹೊತ್ತು ಹತ್ತಿ ಬಂದರು.

ಮನೆಗೆ ಬಂದ ಕೂಡಲೇ ಮುನಿಯಕ್ಕ ಪಕ್ಕದ ಮನೆಯ ಸೆಲ್ವಿಯನ್ನು ಕೇಳಿದ್ದು ಒಂದೇ. ನಾವು ಹೋದಮೇಲೆ ಬಂಡೆ ಏನಾದರೂ ಸಿಡಿಯಿತಾ?

"ಇಲ್ಲಕ್ಕಾ, ಒಂದು ಲೋಟ ಕೂಡ ಅಲ್ಲಾಡಲಿಲ್ಲ" ಎಂದಳು ಸೆಲ್ವಿ.

ನಮ್ಮೆಜಮಾನರು ಗಣಿಗಿಳಿಯದ, ಮೇಲಿನ ಕೆಲಸಕ್ಕೆ ಬದಲಾಗಿ ಆಮೇಲೆ ಬಹಳ ವರ್ಷ ಬದುಕಿದರು. ಈ ಮಾತು ಎದ್ದಾಗಲೆಲ್ಲ ಅಕ್ಕತಮ್ಮಂದಿರಿಗೆ ಸಣ್ಣ ಜಗಳ. ಕಲ್ಲು ಸರಿಯಾಗಿ ಹೂಡದೆ ಪಾತ್ರೆ ವಾಲಿದ್ದಕ್ಕೆ ಎಲ್ಲರೂ ಹೆದರಿದೆವು ಎಂದು ಇವರು. ಹಾಗಾದರೆ ಎಲ್ಲರಿಗಿಂತ ಮುಂಚೆ ಓಡಿದವನು ಯಾರು ಎಂದು ಅವರು. ಕೊನೆಗೆ ಇಬ್ಬರೂ ನಗುತ್ತ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದರು. ಒಲೆಯ ಕಡೆ ಎದ್ದು ಹೋಗುವ ಅಭ್ಯಾಸ ನನಗೆ ಆಗಲೇ ಬಿಟ್ಟುಹೋಗಿತ್ತು. ನೆಲ ಅಲುಗಿದ್ದು ನಿಜ, ಅಲುಗದಿದ್ದರೆ ನಾವು ಆ ಗುಡ್ಡ ಹತ್ತುತ್ತಿರಲಿಲ್ಲ ಅನ್ನುತ್ತಿದ್ದೆ. ಅಲುಗಿಸಿದ್ದು ಯಾವುದು ಅಂದರೆ, ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ.