ಕುಂಡದ ಮಣ್ಣು ಒಣಗಿರಲಿಲ್ಲ

ಸತ್ತವರು ಬಂದು ಹೋಗುತ್ತಾರೆ ಎನ್ನುವುದೆಲ್ಲ ಕೆಲಸವಿಲ್ಲದವರ ಹರಟೆ ಎಂದು ನಾನು ಎಷ್ಟೋ ಜನರ ಮುಖಕ್ಕೇ ಹೇಳಿದ್ದೇನೆ. ಅರಸೀಕೆರೆಯ ಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನಾನು. ಕಂಡದ್ದನ್ನು ಅಳೆದು, ಬರೆದಿಟ್ಟು, ಆಮೇಲೆ ನಂಬುವ ಜಾತಿ. ಆದರೆ ಇಪ್ಪತ್ತು ವರ್ಷದ ಹಿಂದೆ, ಪ್ಲೇಗಿನ ವರ್ಷ, ನನ್ನ ಮನೆಯಲ್ಲೇ ಹಾಡುಹಗಲಲ್ಲಿ ನೋಡಿದ್ದೊಂದಿದೆ. ಅದನ್ನು ಇದ್ದ ಹಾಗೆ ಬರೆಯುತ್ತೇನೆ. ನಿಮಗೆ ಕಾರಣ ಹೊಳೆದರೆ ದಯವಿಟ್ಟು ತಿಳಿಸಿ.

ಆ ವರ್ಷ ದೀಪಾವಳಿ ಕಳೆದ ಮೇಲೆ ಜಾವಗಲ್ಲಿನ ಹೊಲವೊಂದರಲ್ಲಿ ಜನ ಒಂದು ಊಸರವಳ್ಳಿಯನ್ನು ಕಲ್ಲಿನಿಂದ ಜಜ್ಜಿದ್ದರು. ಅದಕ್ಕೆ ವಿಷವಿದೆ, ಎದುರಾದರೆ ಕೇಡು ಎಂಬ ನಂಬಿಕೆ. ಪಾಪದ ಪ್ರಾಣಿ, ಹುಳು ಹಿಡಿದು ತಿಂದುಕೊಂಡು ಇರುತ್ತದೆ. ನಾನು ಹೋಗುವ ಹೊತ್ತಿಗೆ ಸತ್ತಿತ್ತು. ಪಕ್ಕದಲ್ಲೇ ಅದು ತೋಡಿ ಮುಚ್ಚಿದ್ದ ಗುಳಿಯಲ್ಲಿ ಇಪ್ಪತ್ತೆರಡು ಮೊಟ್ಟೆ ಸಿಕ್ಕವು. ಮೈಸೂರಿನಲ್ಲಿ ನನಗೆ ಪಾಠ ಹೇಳಿದ್ದ ಪ್ರೊಫೆಸರರಿಗೆ ಕಾಗದ ಬರೆದೆ. ಈ ಮೊಟ್ಟೆ ಒಡೆಯಲು ಎಷ್ಟು ದಿನ ಬೇಕೆಂದು ಯಾರೂ ಸರಿಯಾಗಿ ಬರೆದಿಟ್ಟಂತಿಲ್ಲ, ನೀವೇ ನೋಡಿ ಬರೆಯಿರಿ ಎಂದು ಉತ್ತರ ಬಂತು. ನನಗೆ ತಲೆಯ ಮೇಲೆ ಎರಡು ಕೊಂಬು ಮೂಡಿದವು.

ನಮ್ಮದು ಲಿಂಗವಂತರ ಮನೆ. ಮೊಟ್ಟೆ ಎಂಬ ಮಾತನ್ನೂ ಜೋರಾಗಿ ಆಡುವಂತಿಲ್ಲ. ನನ್ನ ಹೆಂಡತಿ ನೀಲಮ್ಮ, ಮಾದಿಹಳ್ಳಿಯವಳು, ಮೊದಲ ದಿನ ಮೂಗು ಮುಚ್ಚಿಕೊಂಡಳು. ಮಾರನೆಯ ದಿನ ತಾನೇ ಹಿತ್ತಲ ಕೋಣೆಯಲ್ಲಿ ಒಂದು ಕುಂಡವಿಟ್ಟು, ಮರಳುಮಣ್ಣು ತುಂಬಿ, ಮೊಟ್ಟೆ ಹೂತು, ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಮಣ್ಣು ಕೆಸರಾಗಬಾರದು, ಒಣಗಲೂಬಾರದು. ಮೂರು ದಿನಕ್ಕೊಮ್ಮೆ ನೀರು ಚಿಮುಕಿಸಬೇಕು. ಆ ಕೆಲಸ ನನಗಿಂತ ಅವಳಿಗೇ ಚೆನ್ನಾಗಿ ಒಗ್ಗಿತು. ಬೆರಳು ಇಳಿಸಿ, ಹಿಟ್ಟಿನ ಹದ ನೋಡಿದ ಹಾಗೆ ಹೇಳಿಬಿಡುವಳು. ಬಂದವರು ಕೇಳಿದರೆ ಕನಕಾಂಬರದ ಬೀಜ ಹಾಕಿದ್ದೇನೆ ಎನ್ನುವಳು. ನಾನು ಚೊಚ್ಚಲ ಬಸುರಿಯ ಗಂಡನ ಹಾಗೆ ಕುಂಡದ ಸುತ್ತ ಸುಳಿಯುತ್ತೇನೆಂದು ಗೇಲಿ ಮಾಡುವಳು.

ಸಂಕ್ರಾಂತಿಗೆ ಮೊದಲೇ ನಮ್ಮ ಬೀದಿಯಲ್ಲಿ ಇಲಿ ಸತ್ತು ಬಿದ್ದವು. ಇಲಿ ಬಿತ್ತೆಂದರೆ ಮನೆಗೆ ಬೀಗ ಹಾಕಿ, ಊರ ಹೊರಗೆ ಗುಡಿಸಲು ಹಾಕಿಕೊಳ್ಳುವುದು ಆಗಿನ ಪದ್ಧತಿ. ನಮ್ಮ ಗುಡಿಸಲು ಅಣ್ಣನ ಗುಡಿಸಲಿಗೆ ಅಂಟಿಕೊಂಡಿತ್ತು. ಅಣ್ಣ ಮಠಕ್ಕೆ ನಡೆದುಕೊಳ್ಳುವ ಕಟ್ಟುನಿಟ್ಟಿನ ಮನುಷ್ಯ. ಕುಂಡವನ್ನೂ ಗಾಡಿಗೆ ಏರಿಸೋಣವೆಂದು ನೀಲಮ್ಮ ಕೇಳಿದಳು. ಅಲುಗಾಡಿದರೆ ಮೊಟ್ಟೆ ಕೆಡುತ್ತವೆ ಎಂದೆ. ಅದು ನೆಪ. ಅಣ್ಣನ ಬಾಯಿಗೆ ಹೆದರಿದೆ, ಅಷ್ಟೆ. ಬಿಟ್ಟು ಬಂದವನು ಸುಮ್ಮನಿದ್ದೆನೇ? ಹಗಲು ಚಪ್ಪರದ ಸ್ಕೂಲಿನಲ್ಲಿ ಪಾಠ ಮಾಡುವುದು, ಸಂಜೆ ಅವಳೆದುರು ಕೂತು ಮೊಟ್ಟೆ ಒಣಗಿದವು, ಕೆಲಸ ಕೆಟ್ಟಿತು ಎಂದು ಗೊಣಗುವುದು. ಧೈರ್ಯವೂ ಇರಲಿಲ್ಲ, ಬಾಯಿ ಮುಚ್ಚಿಕೊಂಡಿರುವ ಬುದ್ಧಿಯೂ ಇರಲಿಲ್ಲ.

ಇಪ್ಪತ್ತು ದಿನದ ಮೇಲೆ ನೀಲಮ್ಮನಿಗೆ ಜ್ವರ ಬಂತು. ತೊಡೆಯ ಸಂದಿಯಲ್ಲಿ ಗೆಡ್ಡೆ ಕಂಡಿತು. ಗುಡಿಸಲಿನ ಸಾಲಿನಲ್ಲಿ ಬೇರೆ ಯಾರಿಗೂ ಬಾರದ್ದು ಇವಳಿಗೆ ಹೇಗೆ ಬಂತೆಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ ಅವಳೇ ಹೇಳಿದಳು.

"ನೀವು ಪಾಠಕ್ಕೆ ಹೋದಾಗ ಮನೆಗೋಗಿ ನೀರು ಚಿಮುಕಿಸಿ ಬತ್ತಿದ್ದೆ ಕಣ್ರೀ. ಬಯ್ಯಬ್ಯಾಡಿ."

ನಾನು ಅವಳ ಹಣೆಯ ಮೇಲಿನ ಬಟ್ಟೆ ಬದಲಿಸಿದೆ. ಮತ್ತೆ ಅಂದಳು: "ಇವತ್ತು ಹಾಕೋ ದಿನ. ನೀವು ಹೋಗ್ಬ್ಯಾಡಿ, ಅಲ್ಲಿ ಇಲಿ ಸತ್ತು ಬಿದ್ದೈತೆ. ನಾನೇ ಹೋಯ್ತೀನಿ."

ಮಾರನೆಯ ದಿನ ತೀರಿಕೊಂಡಳು. ಹೊಲದ ಅಂಚಿನಲ್ಲಿ ಮಣ್ಣು ಮಾಡಿದೆವು. ಅಂದೇ ಪ್ಲೇಗಿನ ಕೆಲಸದವರು ಬಂದು ಮನೆಯ ಎರಡು ಬಾಗಿಲಿಗೂ ಅರಗಿನ ಮುದ್ರೆ ಹಾಕಿದರು. ಅವಳ ಸೆರಗಿನಲ್ಲಿದ್ದ ಬೀಗದ ಕೈಯನ್ನು ನನ್ನ ಉಡಿದಾರಕ್ಕೆ ಕಟ್ಟಿಕೊಂಡೆ, ಅಲ್ಲೇ ಇತ್ತು.

ಮುದ್ರೆ ಒಡೆದದ್ದು ನಲವತ್ತು ದಿನದ ಮೇಲೆ, ಒಂದು ಬೆಳಿಗ್ಗೆ. ಅಣ್ಣನೂ ಜೊತೆಗಿದ್ದ. ಅಷ್ಟು ದಿನದಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ನೆಲದ ಮೇಲೆ ಧೂಳು. ಧೂಳಿನಲ್ಲಿ ಒಂದು ಹೆಜ್ಜೆಯ ಗುರುತೂ ಇಲ್ಲ. ಅಡಿಗೆಮನೆಯ ಬಿಂದಿಗೆಯಲ್ಲಿ ನೀರು ಆರಿ ತಳದಲ್ಲಿ ಬಿಳಿ ಕಲೆ ಉಳಿದಿತ್ತು. ಕುಂಡವನ್ನು ಎತ್ತಿ ಎಸೆದುಬಿಡಬೇಕೆಂದೇ ಹಿತ್ತಲ ಕೋಣೆಗೆ ಹೋದೆ. ಬಟ್ಟೆ ಒದ್ದೆಯಾಗಿತ್ತು. ತೆಗೆದು ಬೆರಳು ಇಳಿಸಿದೆ. ಮಣ್ಣು ತಣ್ಣಗಿತ್ತು, ಹದವಾಗಿತ್ತು.

ನನ್ನ ಭ್ರಮೆಯಿರಬೇಕೆಂದು ಅಣ್ಣನನ್ನು ಕರೆದೆ. ಅವನೂ ಬೆರಳಿಟ್ಟು ನೋಡಿದ. ಒಳಗೇನಿದೆ ಎಂದು ಕೇಳಿದ. ಎಲ್ಲವನ್ನೂ ಹೇಳಿದೆ, ಯಾಕೆ ತರಲಿಲ್ಲ ಎಂಬುದನ್ನೂ. ಅವನು ಬಟ್ಟೆಯನ್ನು ತಾನೇ ಮತ್ತೆ ಕುಂಡಕ್ಕೆ ಹೊದಿಸಿದ.

"ಇಷ್ಟಕ್ಕೆ ನನಗ್ಯಾಕೋ ಹೆದರಿದೆ? ತಂದಿದ್ರೆ ಎರಡು ಮಾತು ಬಯ್ದು ಸುಮ್ಮನಾಗ್ತಿದ್ದೆ."

ಹತ್ತು ದಿನದಲ್ಲಿ ಮೊಟ್ಟೆ ಒಡೆದವು. ಹತ್ತೊಂಬತ್ತು ಮರಿ. ಜಾವಗಲ್ಲಿನ ಅದೇ ಹೊಲದ ಬೇಲಿಯಲ್ಲಿ ಬಿಟ್ಟು ಬಂದೆ. ನೀರು ಯಾರು, ಯಾವಾಗ, ಎಷ್ಟು ಹಾಕಿದರೆಂದು ಲೇಖನದಲ್ಲಿ ಬರೆಯಬೇಕೆಂದು ಪ್ರೊಫೆಸರರು ಕೇಳಿದರು. ಆ ನಲವತ್ತು ದಿನದ ಎದುರು ಏನು ಬರೆಯಲಿ? ಲೇಖನ ಹೋಗಲೇ ಇಲ್ಲ.

ಮುಂದಿನ ಮೂರು ಬೇಸಿಗೆ ಅದೇ ಕುಂಡಕ್ಕೆ ಅದೇ ಮಣ್ಣು ತುಂಬಿ, ನೀರು ಚಿಮುಕಿಸಿ, ಬಟ್ಟೆ ಹೊದಿಸಿ, ಮನೆಗೆ ಬೀಗ ಹಾಕಿ ಅಣ್ಣನ ಮನೆಯಲ್ಲಿ ಎಂಟೆಂಟು ದಿನ ಇದ್ದು ಬಂದೆ. ಮಣ್ಣು ತಾನಾಗಿ ಎಷ್ಟು ದಿನ ಹಸಿಯಾಗಿರುತ್ತದೆ ಎಂಬ ಪರೀಕ್ಷೆ ಇದು ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಪ್ರತಿ ಸಲವೂ ಮಣ್ಣು ಒಣಗಿ ಪುಡಿಯಾಗಿತ್ತು. ಹಾಗಾದರೆ ಆ ನಲವತ್ತು ದಿನ ನೀರು ಹಾಕಿದವರು ಯಾರು? ಅವಳೇ ಎಂದರೆ, ಸತ್ತ ಮೇಲೂ ಅವಳಿಗೆ ನನ್ನ ಚಾಕರಿ ತಪ್ಪಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಅವಳಲ್ಲ ಎನ್ನಲು ಮನಸ್ಸು ಬರುವುದಿಲ್ಲ.

ಪರೀಕ್ಷೆ ಎಂದದ್ದು ಸುಳ್ಳು. ನಾನು ಕಾಯುತ್ತಿದ್ದೆ. ಮೂರನೆಯ ಬೇಸಿಗೆ ಬೀಗ ತೆಗೆದು, ಒಣಮಣ್ಣು ನೋಡಿ, ಅಲ್ಲೇ ನೆಲದ ಮೇಲೆ ಕೂತು ಅವಳ ಹೆಸರು ಹಿಡಿದು ಕೂಗಿದೆ. ಪಕ್ಕದ ಮನೆಯವರು ಓಡಿ ಬಂದರು.