ಅಜ್ಜಾರ ಚರಿತ್ರೆ ಬರೆದ ಮರಿದೇವರು

ಮರಿದೇವರು ನಡೆದದ್ದನ್ನು ನಾನು ನೋಡಿಯೇ ಇಲ್ಲ. ಓಡುತ್ತಿದ್ದರು. ಕಾವಿ ಲುಂಗಿ ಮೊಣಕಾಲಿಗೆ ಎತ್ತಿ ಕಟ್ಟಿ, ಪಾದುಕೆ ಎರಡನ್ನೂ ಕೈಯಲ್ಲಿ ಹಿಡಿದು, ಕಿವಿಗೂ ಹೆಗಲಿಗೂ ನಡುವೆ ಮೊಬೈಲ್ ಸಿಗಿಸಿಕೊಂಡು ಮಠದ ಅಂಗಳದ ತುಂಬ ಓಡುವುದು. ಬೋರಿನ ಮೋಟರು ಸುಟ್ಟರೆ ಅಲ್ಲಿಗೆ, ಪ್ರಸಾದಕ್ಕೆ ಜನ ಹೆಚ್ಚಾದರೆ ಅಡಿಗೆಮನೆಗೆ, ಲಕ್ಷ್ಮೇಶ್ವರದ ಪೇಟೆಯಿಂದ ಜೋಳದ ಗಾಡಿ ಬಂದರೆ ಬಾಗಿಲಿಗೆ.

“ದೇವ್ರು ಅಂದಮ್ಯಾಲೆ ಸಾವಕಾಶ ಅಡ್ಡಾಡಬೇಕ್ರಿ, ಜನ ನಗ್ತಾರ” ಎಂದು ನಾನೇ ಒಮ್ಮೆ ಅಂದೆ.

“ನಗಲಿ ಬಿಡವ್ವ. ಸಾವಕಾಶ ಅಡ್ಡಾಡಾಕ ದೊಡ್ಡ ಅಜ್ಜಾರದಾರ. ನಾನೂ ಹಂಗ ಅಡ್ಡಾಡಿದ್ರ ಸಾರಿಗೆ ಉಪ್ಪು ಬೀಳೂದಿಲ್ಲ” ಅಂದರು. ಮಾತು ಮುಗಿಯುವಷ್ಟರಲ್ಲಿ ಗೋದಾಮಿನ ಹತ್ತಿರ ಇದ್ದರು.

ದೊಡ್ಡ ಅಜ್ಜಾರು ಅಂದರೆ ಶಿರಹಟ್ಟಿ ರಸ್ತೆಯ ನಮ್ಮೂರ ಮಠದ ಸ್ವಾಮಿಗಳು. ಮರಿದೇವರು ಅವರ ಶಿಷ್ಯರು, ಇನ್ನೂ ಪಟ್ಟವಾಗದ ಮರಿಸ್ವಾಮಿ; ಮಠದ ಕಾರುಬಾರೆಲ್ಲ ಇವರದೇ. ನಾನು ಬೆಟಗೇರಿಯ ನೇಕಾರರ ಮನೆಯವಳು, ಗಂಡ ಸತ್ತ ಮೇಲೆ ಆ ಮಠದಲ್ಲಿ ರೊಟ್ಟಿ ಬಡಿಯುತ್ತ ಮುದುಕಿಯಾದವಳು.

ಇಷ್ಟೆಲ್ಲ ಓಡಾಟದ ನಡುವೆ ಮರಿದೇವರಿಗೆ ಅಜ್ಜಾರ ಚರಿತ್ರೆ ಬರೆಯುವ ಹುಚ್ಚು ಹಿಡಿಯಿತು. ಅಜ್ಜಾರನ್ನು ಬಲ್ಲವರನ್ನೆಲ್ಲ ಕೇಳುತ್ತಿದ್ದರು. ಆದರೆ ಸುಮ್ಮನೆ ಕುಳಿತು ಹೇಳಿದ್ದನ್ನು ಬರೆಯುತ್ತಿರಲಿಲ್ಲ. “ಕೈ ಮುಗದು ಕುಂತ್ರ ಎಲ್ಲಾರೂ ಅಜ್ಜಾರನ್ನ ಆಕಾಶದಾಗ ಹಾರಿಸ್ತಾರ. ಕೆಲಸಾ ಮಾಡ್ಕೋಂತ ಹೇಳ್ರಿ” ಅನ್ನುತ್ತಿದ್ದರು. ಅಸುಂಡಿಯ ಭಕ್ತನೊಬ್ಬ ಅಜ್ಜಾರು ನೀರಿನ ಮೇಲೆ ನಡೆದರು ಎಂದ. ಅವನ ಕೈಗೆ ಕೊಡಲಿ ಕೊಟ್ಟು ಕಟ್ಟಿಗೆ ಒಡೆಯಲು ಹಚ್ಚಿದರು. ಬೆವರು ಇಳಿದ ಮೇಲೆ ಅವನು “ಹಳ್ಳದಾಗ ಮೊಣಕಾಲತನಾ ನೀರಿತ್ರಿ” ಅಂದ.

“ಹಂಗ ದಾರಿಗೆ ಬಾ” ಎಂದು ಬರೆದುಕೊಂಡರು.

ಅಜ್ಜಾರು ಹಾಸಿಗೆ ಹಿಡಿದರು. ತಮ್ಮ ನಂತರ ಪಟ್ಟ ಯಾರಿಗೆ ಎಂದು ಹೇಳಿರಲಿಲ್ಲ. ಹೇಳದೆ ಹೋದರೆ ಹೊರಗಿನ ದೊಡ್ಡ ಮಠದವರು ತಮ್ಮವರನ್ನು ತಂದು ಕೂಡಿಸುತ್ತಾರೆ, ಮರಿದೇವರು ಜಾಗ ಖಾಲಿ ಮಾಡಬೇಕು. ಊರಿಗೆ ಊರೇ ಮರಿದೇವರು ಬೇಕು ಅನ್ನುತ್ತಿತ್ತು.

ಒಂದು ಮುಂಜಾನೆ ನಾನು ಗಂಜಿ ಹಿಡಿದು ಒಳಗೆ ಹೋದೆ. ಮರಿದೇವರು ಕಾಲೊತ್ತುತ್ತ ಕುಳಿತಿದ್ದರು. ಅಜ್ಜಾರು ಕಣ್ಣು ತೆರೆದು ಮೂಗು ಅರಳಿಸಿದರು.

“ಲೇ, ರೊಟ್ಟಿ ಹೊತ್ತಾಕ ಹತ್ಯಾವ, ನೋಡು.”

ಖರೇನೇ, ಹಂಚಿನ ಮೇಲೆ ಬಿಟ್ಟು ಬಂದಿದ್ದೆ, ಸೀದ ವಾಸನೆ ಬರುತ್ತಿತ್ತು. ಮರಿದೇವರು ಎದ್ದು ಓಡಿದರು. ತಿರುಗಿ ಬರುವಷ್ಟರಲ್ಲಿ ಅಜ್ಜಾರು ಲಿಂಗೈಕ್ಯರಾಗಿದ್ದರು. ಕಡೆಯ ಉಸಿರಿಗೆ ಇದ್ದವಳು ನಾನೊಬ್ಬಳೇ. ಮತ್ತೇನೂ ಅನ್ನಲಿಲ್ಲ ಅವರು.

ಊರ ಗೌಡರು ಅಡಿಗೆಮನೆಗೇ ಬಂದರು. “ಶಾಂತವ್ವ, ಅಲ್ಲಿದ್ದಾಕಿ ನೀ ಒಬ್ಬಾಕಿ. ಮಠ ಮರಿದೇವ್ರಿಗೆ ಅಂದು ಅಜ್ಜಾರು ಕಣ್ಣು ಮುಚ್ಚಿದ್ರು ಅಂತ ಹೇಳು. ಚರಿತ್ರೆದಾಗ ಬರದು ಎಲ್ಲಾರ ಮುಂದ ಓದಿದ್ರ ಆತು, ಯಾರೇನು ಮಾಡ್ತಾರ?”

“ಹೇಳ್ತೀನಿ ಬಿಡ್ರಿ ಗೌಡ್ರ” ಅಂದೆ. ಅದರಲ್ಲಿ ತಪ್ಪೇನು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಗೌಡರು ಹೇಳಿದ ಹಾಗೇ ಮರಿದೇವರಿಗೆ ಹೇಳಿದೆ. ಅವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. “ಬಡಿ. ಬಡಕೋಂತ ಹೇಳು.”

ಬಡಿದೆ. “ಅಜ್ಜಾರು ಕೈ ಎತ್ತಿದ್ರು, ಮಠ ನಮ್ಮ ಮರೀಗೆ ಅಂತ...” ರೊಟ್ಟಿ ನಟ್ಟನಡುವೆ ಹರಿಯಿತು.

“ಹಿಟ್ಟು ಹಳೇದೈತ್ರಿ” ಅಂದೆ.

“ಹೌದೌದು, ಹಿಟ್ಟಿಂದ ತಪ್ಪು” ಎಂದು ನಗುತ್ತ ಎದ್ದು ಹೋದರು. ಬರೆಯುತ್ತಾರೋ ಬಿಡುತ್ತಾರೋ, ಬಾಯಿ ಬಿಡಲಿಲ್ಲ.

ವರ್ಷದ ಪುಣ್ಯತಿಥಿಯ ತನಕ ಪಟ್ಟ ಖಾಲಿಯೇ ಇತ್ತು. ಆ ಸಂಜೆ ಅಂಗಳದಲ್ಲಿ ಚರಿತ್ರೆ ಓದಿದರು. ಕಾಲಿಡಲು ಜಾಗವಿಲ್ಲ, ಗೋಡೆಯ ಮೇಲೆಲ್ಲ ಜನ. ಗೌಡರು ಹೂವಿನ ಹಾರ ತರಿಸಿ ಮುಂದೆಯೇ ಕುಳಿತಿದ್ದರು. ಹಳ್ಳದ ನೀರಿನ ಕಥೆಗೆ ಹೆಂಗಸರು ಬಿದ್ದು ಬಿದ್ದು ನಕ್ಕರು. ಕಡೆಯ ಹಾಳೆ ಬಂತು. ಬರೆದಿರಲಿ, ಬರೆದಿರಲಿ ಎಂದು ಕಂಬ ಹಿಡಿದು ನಿಂತೆ.

ಮರಿದೇವರು ದನಿ ಎತ್ತಿ ಓದಿದರು: “ಅಜ್ಜಾರು ಕಡೆಯದಾಗಿ ಆಡಿದ ಮಾತು, ಲೇ, ರೊಟ್ಟಿ ಹೊತ್ತಾಕ ಹತ್ಯಾವ, ನೋಡು. ಮಠ ಯಾರಿಗೆ ಎಂದು ಅವರು ಹೇಳಲಿಲ್ಲ.”

ಹಿಂದಿನಿಂದ ಒಬ್ಬ ಮುದುಕ, “ಇದು ನಮ್ಮ ಅಜ್ಜಾರ ಮಾತ ನೋಡ್ರಲೇ, ಖರೇ ಅವರ ಮಾತು” ಅಂದ. ಜನ ನಗುವುದೇನು, ಅಳುವುದೇನು, ಜೈಕಾರ ಹಾಕುವುದೇನು. ಸತ್ತ ಅಜ್ಜಾರು ಎದ್ದು ಬಂದು ನಡುವೆ ಕುಳಿತ ಹಾಗಾಯಿತು. ಗೌಡರು ಮಾತ್ರ ಹಾರವನ್ನು ಅಜ್ಜಾರ ಗದ್ದುಗೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಹೊರಗಿನವರಿಗೇ ಪಟ್ಟವಾಯಿತು. ಹೊಸಬರೂ ಕೆಟ್ಟವರಲ್ಲ. ಮರಿದೇವರು ಕೀಲಿಕೈ ಗೊಂಚಲು ಒಪ್ಪಿಸಿ, ಒಂದು ಚೀಲ ಹಿಡಿದು ಮುಂಡರಗಿ ಬಸ್ಸಿಗೆ ಬಂದು ನಿಂತರು. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ. ಬುತ್ತಿ ಕೊಡಲು ಹೋದವಳು ಬಯ್ದೆ.

“ಒಂದ ಮಾತಿಗೆ ಮಠ ಕಳಕೊಂಡ್ರಲ್ರಿ. ನಾ ಹೇಳ್ತೀನಿ ಅಂದಿದ್ದೆ. ನಿಮಗೇನ್ ಬ್ಯಾನಿ ಆಗಿತ್ತು ಬರಿಯಾಕ?”

ಅವರು ಬುತ್ತಿ ಚೀಲಕ್ಕೆ ಹಾಕಿಕೊಂಡರು. “ಅವತ್ತು ಅಜ್ಜಾರ ಮಾತು ಕೇಳಿದವರು ನಾವಿಬ್ರ, ಶಾಂತವ್ವ. ನೀ ಅಂತೂ ಗೌಡ್ರ ಕಡೆ ಹೋದಿ. ಅಜ್ಜಾರ ಕಡೆ ಒಬ್ರಾದ್ರೂ ಬೇಕಾಗಿತ್ತಲ್ಲ.”